ನೀರು ಕಂಡ ಗಾಡಿ

ಕಾರು ತೆಗೆದುಕೊಳ್ಳಬೇಕು ಎಂದು ನಮ್ಮ ಮನೆಯಲ್ಲಿ ಮೊದಲು ಬಾಯಿಬಿಟ್ಟವಳು ನಾನೇ. ಓಣಿಯ ಹೆಂಗಸರು ನಕ್ಕರು. "ಸಾತವ್ವಗ ಈ ವಯಸ್ಸಿನ್ಯಾಗ ಕಾರಿನ ಷೋಕಿ ಹತ್ತೈತಿ ನೋಡ್ರೆವಾ" ಅಂದರು. ನಗಲಿ ಬಿಡಿ. ಅವರ ಮೊಮ್ಮಕ್ಕಳು ಕಾಲು ಚಾಚಿ ಮಲಗಿ ಬೆಳಗಾದರೆ ಏಳುತ್ತವೆ. ನನ್ನ ಮೊಮ್ಮಗಳಿಗೆ ದಮ್ಮು ಏರಿತೆಂದರೆ ಮಲಗಲಿಕ್ಕೇ ಆಗುವುದಿಲ್ಲ. ಗೋಡೆಗೆ ಒರಗಿ ಕುಳಿತು, ಭುಜ ಮೇಲೆತ್ತಿ, ಬಾಯಿ ತೆರೆದು, ಒಂದೊಂದು ಉಸಿರನ್ನೂ ಆಳದ ಬಾವಿಯಿಂದ ಕೊಡ ಸೇದಿದಂತೆ ಸೇದುತ್ತಾಳೆ. ಅವಳ ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಸೆಳೆದುಕೊಳ್ಳುವುದನ್ನು ಒಮ್ಮೆ ನೋಡಿದ್ದರೆ ಆ ಹೆಂಗಸರು ಯಾರೂ ನಗುತ್ತಿರಲಿಲ್ಲ.

ಹುಡುಗಿಯ ಹೆಸರು ಕಾವೇರಿ. ಕೃಷ್ಣೆಯ ದಂಡೆಯ ರಬಕವಿಯಲ್ಲಿ ಹುಟ್ಟಿದ ಕೂಸಿಗೆ ಕಾವೇರಿ ಎಂದು ಹೆಸರಿಟ್ಟ ಜಾಣ ನನ್ನ ಮಗ ಮಲಕಾಜಪ್ಪ. "ಇದ್ದ ಹೊಳಿ ಸಾಲಲಿಲ್ಲೇನಲೇ ನಿನಗ?" ಎಂದು ತೊಟ್ಟಿಲಿಗೆ ಹಾಕಿದ ದಿನವೇ ಬೈದಿದ್ದೆ. ಅವನು ಹಲ್ಲು ಕಿರಿದ. ಅವನದು ಅದೊಂದೇ ಉತ್ತರ. ಏನು ಬೈದರೂ ಹಲ್ಲು ಕಿರಿಯುತ್ತಾನೆ. ಈಗೀಗ ಅದೂ ನಿಂತಿದೆ.

ನಾವು ನೇಕಾರರು. ಪಡಸಾಲೆಯಲ್ಲಿ ಪಾವರ್‌ಲೂಮುಗಳು ಓಡುತ್ತಿದ್ದವು. ಮಲಕಾಜಪ್ಪ ಮಗ್ಗ ನೋಡಿಕೊಂಡರೆ ಸೊಸೆ ಶೇವಂತಿ ನೂಲು ಹಚ್ಚುತ್ತಿದ್ದಳು, ನಾನು ಮೂಲೆಯಲ್ಲಿ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಕೂಸಿಗೆ ದಮ್ಮು ಶುರುವಾದಾಗ ನೋಡಿದವರೆಲ್ಲ ಒಂದೇ ಮಾತು ಹೇಳಿದರು: ಹತ್ತಿಯ ಧೂಳು. ನಮಗೂ ಹಾಗೇ ಅನ್ನಿಸಿತು. ಮೂಗು ಸೀನಿದರೆ ಹತ್ತಿ ಬರುವ ಮನೆ ಅದು. ಮಗ ಹಿಂದೆ ಮುಂದೆ ನೋಡದೆ ಮಗ್ಗಗಳನ್ನು ಬಿಚ್ಚಿ ಬನಹಟ್ಟಿಯ ಬಾಡಿಗೆ ಶೆಡ್ಡಿಗೆ ಸಾಗಿಸಿದ. ನಾವು ಪಡಸಾಲೆ ತೊಳೆದೆವು. ಬೀದಿಯ ಧೂಳೂ ಬಡಿಯಬಾರದೆಂದು ಹುಡುಗಿಯ ಹಾಸಿಗೆಯನ್ನು ಎಲ್ಲಕ್ಕಿಂತ ಒಳಗಿನ ಖೋಲಿಯಲ್ಲಿ ಹಾಕಿದೆವು. ಆ ಖೋಲಿಯ ಕಿಟಕಿ ಮುಚ್ಚಿದೆವು. ಬಾಗಿಲ ಕೆಳಗಿನ ಸಂದಿಗೆ ನನ್ನ ಹಳೆಯ ಇಳಕಲ್ ಸೀರೆ ಮಡಚಿ ತುರುಕುತ್ತಿದ್ದವಳು ನಾನೇ. ಎರಡು ತಲೆಮಾರು ಸಪ್ಪಳ ಮಾಡಿದ ಮನೆ ಗಪ್ಪಾಯಿತು. ಆ ನಿಶ್ಶಬ್ದದಲ್ಲಿ ಹುಡುಗಿಯ ಎದೆಯ ಸೀಟಿ ಮೊದಲಿಗಿಂತ ಚೆನ್ನಾಗಿ ಕೇಳತೊಡಗಿತು.

ದಮ್ಮು ಮಾತ್ರ ಕಡಿಮೆಯಾಗಲಿಲ್ಲ.

ಅದು ಕಬ್ಬಿನ ಹಂಗಾಮು. ಆಗ ನಮ್ಮ ಕಡೆಯ ರಸ್ತೆಗಳ ಅವಸ್ಥೆ ಕೇಳಲೇಬೇಡಿ. ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳು ಒಂದರ ಬಾಲಕ್ಕೆ ಒಂದು ನಿಂತುಬಿಡುತ್ತವೆ. ದೀಪ ಹಚ್ಚುವ ಹೊತ್ತಿಗೆ ಕಾವೇರಿಗೆ ಉಸಿರು ಕಟ್ಟಿತು. ಬಾಯಿಗೆ ಔಷಧದ ಪಂಪು ಹೊಡೆದರೂ ಇಳಿಯಲಿಲ್ಲ. ಇಲ್ಲಿಯ ದವಾಖಾನೆಯವರು ಹೊಗೆಯ ಮಷೀನು ಹಚ್ಚಿ, "ಜಮಖಂಡಿಗೆ ಒಯ್ಯಿರಿ, ತಡಾ ಮಾಡಬ್ಯಾಡ್ರಿ" ಅಂದರು. ಆಂಬುಲೆನ್ಸು ಯಾವುದೋ ಹೆರಿಗೆಗೆ ಹೋಗಿತ್ತು. ಆಟೋದವನು ಕಬ್ಬಿನ ಸಾಲು ನೋಡಿ ಒಲ್ಲೆ ಅಂದ. ಕೊನೆಗೆ ಮಲಕಾಜಪ್ಪ ಬೈಕು ತೆಗೆದ, ಶೇವಂತಿ ಹಿಂದೆ ಕುಳಿತಳು, ನಡುವೆ ಕೂಸು. ಟ್ರ್ಯಾಕ್ಟರುಗಳ ಸಂದಿಯಲ್ಲಿ, ಚಳಿಗಾಳಿಯಲ್ಲಿ, ಕಬ್ಬಿನ ಒಣಗಿದ ಎಲೆ, ರವದಿಯ ಧೂಳಿನಲ್ಲಿ ಹೋದರು. ನಾನು ಹೊಸ್ತಿಲ ಮೇಲೆ ಕುಳಿತೆ. ಹಾಗೆ ಕುಳಿತಿರುವುದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ.

ಹುಡುಗಿ ಉಳಿದಳು. ಆದರೆ ಜಮಖಂಡಿಯ ಮಕ್ಕಳ ಡಾಕ್ಟರು ಉಜ್ವಲಾಬಾಯಿ ಮಗ–ಸೊಸೆಯ ಮುಖಕ್ಕೆ ಹೊಡೆದಂತೆ ಹೇಳಿದರಂತೆ: "ಇನ್ನೊಮ್ಮೆ ಹಿಂಗ ಬೈಕಿನ ಮ್ಯಾಲ ತಂದ್ರ ನನಗ ಏನೂ ಮಾಡಾಕ ಆಗಂಗಿಲ್ರೀ. ಥಂಡಿ ಗಾಳಿ ಬಡೀಬಾರದು, ಧೂಳಿ ಬಡೀಬಾರದು. ಮುಚ್ಚಿದ ಗಾಡ್ಯಾಗ ಕರಕೊಂಡ ಬರ್ರಿ."

"ಹಂಗಾದ್ರ ಬಾಗಲದಾಗ ಒಂದು ಕಾರು ನಿಂತಿರಬೇಕು" ಅಂದೆ ನಾನು. ದುಡ್ಡು ಹೇಗೆ ಕೂಡಿತು ಎಂದು ಕೇಳಬೇಡಿ. ಒಂದು ಮಗ್ಗ ಹೋಯಿತು, ಅಷ್ಟೇ.

ಹೊಸ ಕಾರು ನಮ್ಮಂಥವರಿಗಲ್ಲ. ಹಳೆಯದೇ ಆಗಲಿ, ಚಿಕ್ಕದೇ ಆಗಲಿ, ಹಿಂದೆ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕುಳಿತುಕೊಳ್ಳಲು ಜಾಗವಿದ್ದರೆ ಸಾಕು. ಶೇವಂತಿಯ ತಮ್ಮ ನವೀನ ಜಮಖಂಡಿಯ ಗ್ಯಾರೇಜಿನಲ್ಲಿ ಮೇಸ್ತ್ರಿ. ಎಲ್ಲಿ ಯಾವ ಗಾಡಿ ಮಾರಾಟಕ್ಕಿದೆ ಎಂದು ಅವನೇ ಫೋನು ಮಾಡಿ ಹೇಳುತ್ತಿದ್ದ. ನಾವು ಬಸ್ಸು ಹತ್ತಿ ಹೋಗುತ್ತಿದ್ದೆವು. ಹುಡುಗಿಯನ್ನು ಓಣಿಯಲ್ಲಿ ಬಿಟ್ಟು ಹೋಗಲು ಧೈರ್ಯವಿಲ್ಲದೆ ಅವಳನ್ನೂ ಪಂಪಿನ ಚೀಲವನ್ನೂ ಹೊತ್ತುಕೊಂಡೇ ಊರೂರು ತಿರುಗಿದೆವು.

ಇಲ್ಲಿ ನನ್ನ ಸೊಸೆಯ ಮೂಗಿನ ಬಗ್ಗೆ ಹೇಳಬೇಕು. ಮಗಳಿಗೆ ಯಾವ ವಾಸನೆಯೂ ಆಗದು ಎಂದು ಡಾಕ್ಟರು ಹೇಳಿದಾಗಿನಿಂದ ಶೇವಂತಿಯ ಮೂಗು ಪೊಲೀಸನಾಗಿತ್ತು. ಮುಧೋಳದಲ್ಲಿ ಕೆಂಪು ಬಣ್ಣದ ಗಾಡಿಯೊಂದು ಬಂಗಾರದಂತಿತ್ತು. ಇವಳು ಬಾಗಿಲು ತೆಗೆದು ತಲೆ ಒಳಗೆ ಹಾಕಿದವಳೇ, "ಅತ್ತರ್ ವಾಸನಿ ಗಪ್ ಅಂತ ಬಡೀತೈತಿ, ಬ್ಯಾಡ" ಎಂದು ಹೊರಬಂದಳು. ಬೀಳಗಿಯಲ್ಲಿ ಇನ್ನೊಂದು. ಅದರ ಮಾಲೀಕ ಬೀಡಿ ಸೇದುತ್ತಿದ್ದ. ಅವನು ಬಾಯಿ ತೆರೆಯುವ ಮೊದಲೇ ಇವಳು ಅದನ್ನು ಹಿಡಿದಳು. ಜಮಖಂಡಿಯದೊಂದರಲ್ಲಿ ನಾಯಿ ಓಡಾಡಿದೆ ಅಂದಳು. ಮಾಲೀಕ ಇಲ್ಲವೆಂದು ಆಣೆ ಮಾಡಿದ. ಸೀಟಿನ ಸಂದಿಯಲ್ಲಿ ಕೂದಲು ಸಿಕ್ಕವು.

"ನಿಮ್ಮಕ್ಕನ ಮೂಗಿಗೆ ಒಂದು ಯೂನಿಫಾರ್ಮ್ ಹೊಲಿಸಪಾ" ಎಂದು ನಾನು ನವೀನನಿಗೆ ಅಂದೆ.

"ನಗ್ರಿ ಅತ್ತೀ, ನಗ್ರಿ. ಉಸಿರು ನಿಮ್ಮದ ಕಟ್ಟಿದ್ರ ಗೊತ್ತಾಗತಿತ್ತು" ಎಂದು ಶೇವಂತಿ ನನ್ನ ಮೇಲೆ ಹರಿಹಾಯ್ದಳು. ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ.

ಯುಗಾದಿ ದಾಟಿತು. ಹುಡುಗಿಗೆ ಮತ್ತೆ ಮತ್ತೆ ದಮ್ಮು ಏರುತ್ತಿತ್ತು. ಮಳೆಗಾಲ ಬಂದರೆ ಇನ್ನೂ ಹೆಚ್ಚು ಎಂದು ನಮಗೆ ಗೊತ್ತಿತ್ತು. ಮಲಕಾಜಪ್ಪ ಊಟದ ತಾಟಿನ ಮುಂದೆ ಕುಳಿತು ಸುಮ್ಮನೆ ಅನ್ನ ಕಲಸುತ್ತ, "ಅವ್ವಾ, ಮಳಿ ಹತ್ತೂದ್ರಾಗ ಗಾಡಿ ಸಿಗಲಿಲ್ಲಂದ್ರ ಏನ ಮಾಡೂದು?" ಅನ್ನುತ್ತಿದ್ದ. "ಉಣ್ಣು ಮೊದಲ" ಅನ್ನುತ್ತಿದ್ದೆ.

ಆಗ ಸಿಕ್ಕಿದ್ದು ಅನಗವಾಡಿಯ ಗಾಡಿ. ಬೀಳಗಿ ತಾಲೂಕಿನ ಹೊಳೆಸಾಲಿನ ಊರು. ಕಿರಾಣಿ ಅಂಗಡಿಯ ಪ್ರಭುಲಿಂಗ ಎಂಬುವವರದು. ಅವರಿಗೆ ಕಣ್ಣು ಮಂಜಾಗಿ ಗಾಡಿ ಹೊಡೆಯಲು ಆಗುತ್ತಿರಲಿಲ್ಲ. ಬಿಳಿಯ ಸಣ್ಣ ಕಾರು, ಹಿಂದೆ ಮೇಲಕ್ಕೆ ಎತ್ತುವ ಬಾಗಿಲು. ತೊಳೆದು ಒರೆಸಿ ಅಂಗಳದಲ್ಲಿ ನಿಲ್ಲಿಸಿದ್ದರು.

ಪ್ರಭುಲಿಂಗ ಏನನ್ನೂ ಮುಚ್ಚಿಡಲಿಲ್ಲ. ಈ ಮಾತನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. "ನೋಡ್ರಿ, ಮೊದಲ ಹೇಳತೇನಿ. ದೊಡ್ಡ ಹೊಳಿ ಬಂದಾಗ ಈ ಗಾಡಿ ಇಲ್ಲೇ ಅಂಗಳದಾಗ ನಿಂತಿತ್ತು. ಸೀಟಿನ ಮಟ ನೀರಾಗಿತ್ತು. ಇಂಜಿನ್ ಪೂರ್ತಿ ಬಿಚ್ಚಿಸಿ ಮಾಡಿಸೇನಿ. ಅವತ್ತಿಂದ ಇವತ್ತಿನವರೆಗೆ ಎಲ್ಲೂ ಕೈ ಕೊಟ್ಟಿಲ್ಲ."

"ನಾವು ದನಾ ಬಿಚ್ಚಿಕೊಂಡು ಗಂಜಿ ಕೇಂದ್ರಕ್ಕ ಓಡಿದ್ವಿ" ಎಂದು ಅವರ ಹೆಂಡತಿ ಕಸ್ತೂರೆವ್ವ ಬಾಗಿಲಿನಿಂದ ಹೇಳಿದರು. "ಕಾರು ಯಾರಿಗಿ ನೆನಪಾಕ್ಕೈತ್ರಿ ಯವ್ವಾ? ಜೀವಾ ಉಳದ್ರ ಸಾಕಾಗಿತ್ತು."

ಬೇರೆ ಊರಿನವರಾಗಿದ್ದರೆ ಇಷ್ಟು ಕೇಳಿದ ಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದರು. ನಾವು ಜಗುಲಿಯ ಮೇಲೆ ಇನ್ನೂ ಗಟ್ಟಿಯಾಗಿ ಕುಳಿತೆವು. ನಮ್ಮ ಮನೆಗೂ ಅದೇ ವರ್ಷ ಹೊಳೆಯ ನೀರು ನುಗ್ಗಿತ್ತಲ್ಲ! "ನಿಮ್ಮ ಮನ್ಯಾಗ ಎಲ್ಲಿ ಮಟ ಬಂದಿತ್ರಿ?" ಎಂದು ನಾನು ಕೇಳಿದೆ. ಕಸ್ತೂರೆವ್ವ ಗೋಡೆ ತೋರಿಸಿದರು. ನಾನು ನನ್ನ ಎದೆಯ ಮಟ್ಟ ತೋರಿಸಿದೆ. ಅವರ ಟ್ರಂಕಿನಲ್ಲಿ ಮಗಳ ಮದುವೆಗೆ ತೆಗೆದಿಟ್ಟ ಸೀರೆಗಳೆಲ್ಲ ಕೊಳೆತವಂತೆ, ನಮ್ಮ ರಬಕವಿಯ ಸೀರೆಗಳೇ. ನಮ್ಮ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಕೆಸರಿನಲ್ಲಿ ನಿಂತದ್ದನ್ನು ನಾನು ಹೇಳಿದೆ. ಇಬ್ಬರೂ ಕಣ್ಣೊರೆಸಿಕೊಂಡೆವು. ಚಹಾ ಬಂತು. ಚಹಾ ಮುಗಿಯುವಷ್ಟರಲ್ಲಿ ನಾವು ಗಾಡಿ ಕೊಳ್ಳಲು ಬಂದವರೆಂಬುದೇ ಮರೆತುಹೋಗಿ ಬೀಗರಂತೆ ಆಗಿದ್ದೆವು. ಪ್ರಭುಲಿಂಗ ಕಾವೇರಿಯ ತಲೆ ಸವರಿ, "ಕೂಸಿನ ಸಲುವಾಗಿ ಅಂದ್ರ ನಾ ಹೆಚ್ಚ ಮಾತಾಡಂಗಿಲ್ಲ, ನೀವು ಎಷ್ಟಂತೀರಿ ಅಷ್ಟು" ಎಂದರು.

ಗಾಡಿ ನೋಡಲು ನಮ್ಮ ಜೊತೆ ಬಂದಿದ್ದ ನವೀನ ಮಾತ್ರ ಮುಖ ಗಂಟಿಕ್ಕಿಕೊಂಡಿದ್ದ. ಗಾಡಿಯ ಒಳಗಿನ ಚಾಪೆ ಎತ್ತಿ ಕೆಳಗೆ ಬೆರಳು ಒರೆಸಿ ತೋರಿಸಿದ. ಸಣ್ಣ ಕಪ್ಪು ಮಣ್ಣು. "ನೀರ ಕಂಡ ಗಾಡಿ ಐತಿ, ಅಕ್ಕಾ. ಹೊರಗಿನವ್ರು ಇಂಥಾದ್ದು ಮುಟ್ಟಂಗಿಲ್ಲ."

"ನೀರ ಕಾಣದ್ದು ಯಾವುದೈತಪಾ ನಮ್ಮ ಕಡೆ?" ಶೇವಂತಿ ತಿರುಗಿಬಿದ್ದಳು. "ನಾನೂ ನೀರ ಕಂಡಾಕಿನ. ನನ್ನೂ ಬಿಟ್ಟ ಬಿಡ್ತೀಯೇನು? ಇಂಜಿನ್ ಛಲೋ ಐತೋ ಇಲ್ಲೋ, ಅಷ್ಟ ಹೇಳು."

ಅವನು ಬಾನೆಟ್ಟು ಎತ್ತಿದ, ವೈರುಗಳನ್ನು ಎಳೆದು ನೋಡಿದ, ಬೀಳಗಿ ರಸ್ತೆಯಲ್ಲಿ ದೂರದವರೆಗೆ ಓಡಿಸಿಕೊಂಡು ಬಂದ. "ಇಂಜಿನ್ ಖರೇನ ಛಲೋ ಐತಿ" ಎಂದು ಒಪ್ಪಿಕೊಂಡ. ಆ ಮಣ್ಣು ನಮಗೇನು ಹೊಸದೇ? ನಮ್ಮ ಟ್ರಂಕಿನ ತಿರುಗಣಿಯಿಂದ, ದೇವರ ಗೂಡಿನ ಮೂಲೆಯಿಂದ ಇವತ್ತಿಗೂ ಅದೇ ಮಣ್ಣು ಉದುರುತ್ತದೆ.

ಕೊನೆಗೆ ಶೇವಂತಿಯ ಮೂಗಿನ ಪರೀಕ್ಷೆ. ಅವಳು ಒಳಗೆ ಕುಳಿತು ಬಾಗಿಲು ಹಾಕಿಕೊಂಡಳು. ಕಣ್ಣು ಮುಚ್ಚಿ ಉಸಿರೆಳೆದಳು. ಸೀಟಿಗೆ ಮೂಗು ಹಚ್ಚಿದಳು. ನಾವು ಹೊರಗೆ ನ್ಯಾಯಾಧೀಶರ ತೀರ್ಪಿಗೆ ಕಾದವರಂತೆ ನಿಂತಿದ್ದೆವು. ಗಾಜು ಇಳಿಸಿದಾಗ ಅವಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಗು ಕಂಡೆ.

"ಏನೂ ವಾಸನಿ ಇಲ್ಲ ಅತ್ತೀ. ನಮ್ಮ ಮನ್ಯಾಗ ಕುಂತಂಗ ಅನಸತೈತಿ."

ನಾನೂ ತಲೆ ಒಳಗೆ ಹಾಕಿದೆ. ನನಗೂ ಏನೂ ಬರಲಿಲ್ಲ.

ಗಾಡಿ ಮನೆಗೆ ಬಂತು. ನಾಲ್ಕು ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟೆವು, ತೆಂಗಿನಕಾಯಿ ಒಡೆದೆವು. ಮಲಕಾಜಪ್ಪ ನವೀನನ ಹತ್ತಿರ ಗಾಡಿ ಕಲಿತಿದ್ದ. ಮೊದಲ ದಿನವೇ ಚರಂಡಿ ಕಲ್ಲಿಗೆ ತಿಕ್ಕಿಸಿದ. ನಾನು ಓಣಿಗೆಲ್ಲ ಕೇಳುವಂತೆ ಬೈದೆ, ಅವನು ಬಹಳ ದಿನಗಳ ಮೇಲೆ ಹಲ್ಲು ಕಿರಿದ. ಕಾವೇರಿಗಂತೂ ಅದು ಗಾಡಿಯಲ್ಲ, ಅವಳದೇ ಅರಮನೆ. ಸಾಲೆಯಿಂದ ಬಂದವಳೇ ಹಿಂದಿನ ಸೀಟಿನಲ್ಲಿ ಕುಳಿತು ಎಲ್ಲ ಗಾಜು ಇಳಿಸಿ ಹೋಗಿ ಬರುವವರನ್ನು ಮಾತಾಡಿಸುತ್ತಿದ್ದಳು. ಬೇಸಗೆಯಲ್ಲಿ ಒಮ್ಮೆ ಡಾಕ್ಟರ ಹತ್ತಿರ ತೋರಿಸಿಕೊಂಡು ಬಂದೆವು. ಆಗಲೂ ಸೆಕೆಗೆ ಗಾಜೆಲ್ಲ ತೆರೆದೇ ಇದ್ದವು. ಹುಡುಗಿ ದಾರಿಯುದ್ದಕ್ಕೂ ಹಾಡುತ್ತಾ ಬಂದಳು. ಇನ್ನು ಹೆದರಿಕೆಯಿಲ್ಲ ಎಂದು ನಾನು ನಮ್ಮ ಮನೆದೇವರು ಮಲಕಾರಿಸಿದ್ದನಿಗೆ ಕೈಮುಗಿದೆ.

ಆಷಾಢದ ಜಿಟಿಜಿಟಿ ಮಳೆ ಹಿಡಿದುಕೊಂಡಿತು. ಸೂರ್ಯನ ಮುಖ ಕಾಣಲಿಲ್ಲ. ಗಾಡಿ ಎಲ್ಲ ಗಾಜು ಮುಚ್ಚಿಕೊಂಡು ಬಾಗಿಲಲ್ಲಿ ನೆನೆಯುತ್ತಾ ನಿಂತಿತ್ತು. ಒಂದು ಮಧ್ಯಾಹ್ನ ಕಾವೇರಿ ಸಾಲೆಯಿಂದ ಬಂದು, ಒಳಖೋಲಿಯಲ್ಲಿ ಸ್ವಲ್ಪ ಹೊತ್ತು ಮಲಗಿ ಎದ್ದವಳು ನನ್ನ ಸೆರಗು ಹಿಡಿದು ಜಗ್ಗಿದಳು. ಮಾತಾಡಲು ಬರುತ್ತಿರಲಿಲ್ಲ. ಪಂಪು ಹೊಡೆದೆವು. ಮತ್ತೆ ಹೊಡೆದೆವು. ಭುಜ ಮೇಲೇರಿತು.

"ಮಲಕಾಜೀ, ಗಾಡಿ ತಗೀಲೇ!"

ಅಂದು ಯಾರನ್ನೂ ಬೇಡಬೇಕಾಗಲಿಲ್ಲ, ಆಟೋದವನ ಕಾಲು ಹಿಡಿಯಬೇಕಾಗಲಿಲ್ಲ. ಬಾಗಿಲಲ್ಲೇ ಗಾಡಿ ಇತ್ತು. ಶೇವಂತಿ ಮುಂದೆ, ನಾನು ಹಿಂದೆ, ಕೂಸು ನನ್ನ ಮಡಿಲಲ್ಲಿ. ಡಾಕ್ಟರು ಹೇಳಿದ್ದು ನೆನಪಿತ್ತಲ್ಲ, ಗಾಳಿ ಬಡಿಯಬಾರದೆಂದು ಎಲ್ಲ ಗಾಜು ಮುಚ್ಚಿದೆವು. ಗಾಜಿಗೆ ಮಂಜು ಹಿಡಿಯಿತೆಂದು ಮಲಕಾಜಪ್ಪ ಗಾಡಿಯ ಫ್ಯಾನು ಹಚ್ಚಿದ. ಒಳಗೆ ಬೆಚ್ಚಗಾಯಿತು. ಈ ಸಲ ಕೂಸಿಗೆ ಹನಿ ಮಳೆಯೂ ತಾಗುವುದಿಲ್ಲ ಎಂದು ನನಗೆ ಸಮಾಧಾನವಾಯಿತು.

ಊರು ದಾಟುವಷ್ಟರಲ್ಲಿ ಕಾವೇರಿಯ ಉಸಿರು ಇನ್ನೂ ಬಿಗಿಯಿತು. ಅವಳು ಕೈ ಚಾಚಿ ಗಾಜಿನ ಮೇಲೆ ಬಡಿದಳು. ನಾನು ಆ ಕೈ ಹಿಡಿದೆ. "ಬ್ಯಾಡ ನನ್ನವ್ವಾ, ಥಂಡಿ ಗಾಳಿ ಬಡೀತೈತಿ." ಅವಳು ಕೈ ಕಿತ್ತುಕೊಂಡು ಮತ್ತೆ ಬಡಿದಳು. ನಾನು ಮತ್ತೆ ಹಿಡಿದೆ. ದಮ್ಮಿನ ಸಂಕಟಕ್ಕೆ ಹಾಗೆ ಮಾಡುತ್ತಾಳೆ ಅಂದುಕೊಂಡೆ. ಅವಳ ಕಣ್ಣು ನನ್ನನ್ನೇ ನೋಡುತ್ತಿದ್ದವು. ತುಟಿ ನೇರಳೆಹಣ್ಣು ತಿಂದವರ ತುಟಿಯಂತಾಗಿತ್ತು.

"ಜೋರ ಹೊಡೀಲೇ!" ಎಂದು ನಾನು ಕಿರುಚಿದೆ. "ಹೊಡ್ಯಾಕತ್ತೇನಿ ಅವ್ವಾ, ಹೊಡ್ಯಾಕತ್ತೇನಿ" ಎಂದು ಅವನು ಅಳುತ್ತಾ ಹೇಳಿದ.

ಅಷ್ಟರಲ್ಲಿ ರಸ್ತೆಗೆ ಅಡ್ಡ ಕುರಿಹಿಂಡು. ಮಳೆಯಲ್ಲಿ ತೊಯ್ದು ಒಂದಕ್ಕೊಂದು ಅಂಟಿಕೊಂಡು ನಿಂತ ಕುರಿಗಳು ಹಾರ್ನಿಗೆ ಜಗ್ಗಲಿಲ್ಲ. ಶೇವಂತಿ ಬಾಗಿಲು ದೂಡಿ ಹೊರಗೆ ಹಾರಿ, "ಹೊಡಕೋಳೋ ಎಪ್ಪಾ, ನಿನ್ನ ಕಾಲ ಬೀಳ್ತೇನಿ, ಕೂಸು ಸಾಯಾಕತ್ತೈತಿ!" ಎಂದು ಕುರುಬನ ಕಡೆ ಓಡಿದಳು. ತೆರೆದ ಬಾಗಿಲಿನಿಂದ ಗಾಳಿಯೂ ಮಳೆಯೂ ಒಳಗೆ ನುಗ್ಗಿದವು. ಕಾವೇರಿ ನನ್ನ ಮಡಿಲಿನಿಂದ ಜಾರಿ, ಮುಂದಿನ ಸೀಟಿನ ಸಂದಿಯಿಂದ ಆ ಬಾಗಿಲಿನ ಕಡೆ ತೆವಳಿದಳು. ನಾನು ಅವಳ ಹಿಂದೆಯೇ ಬಿದ್ದೆದ್ದು ಹೊರಬಂದೆ. ರಸ್ತೆಯ ಬದಿಯಲ್ಲಿ ಕೈ ಊರಿ, ಮಳೆಗೆ ಮುಖ ಕೊಟ್ಟು, ಹುಡುಗಿ ಒಂದು ಉಸಿರು ಎಳೆದಳು. ಪೂರ್ತಿ ಉಸಿರು. ಆಮೇಲೆ ಇನ್ನೊಂದು.

ಶೇವಂತಿ ತಿರುಗಿ ಬಂದವಳು ನೋಡಿ ಹೌಹಾರಿದಳು. "ಅತ್ತೀ, ತಲಿ ಐತೇನ್ರಿ ನಿಮಗ? ಮಳ್ಯಾಗ ಇಳಿಸೀರಲ್ಲ!" ಅವಳೇ ಎತ್ತಿ ಒಳಗೆ ಹಾಕಿ ಬಾಗಿಲು ಬಡಿದಳು. ಗಾಡಿ ಹೊರಟಿತು. ತುಸು ದೂರದಲ್ಲೇ ಹುಡುಗಿಯ ಎದೆ ಮತ್ತೆ ಹಿಂಡಿಕೊಂಡಿತು.

ನನಗೆ ಅಕ್ಷರ ಬರುವುದಿಲ್ಲ, ಆದರೆ ಕಣ್ಣಿವೆ. "ನಿಂದರಸಲೇ ಗಾಡಿ! ಹಿಂದಿನ ಬಾಗಲಾ ತಗಿ!"

"ಅವ್ವಾ, ಮಳಿ—"

"ತಗೀ ಅಂದ್ನಿ!"

ಅವನು ಇಳಿದು ಹಿಂದಿನ ಬಾಗಿಲು ಮೇಲೆತ್ತಿದ. ನಾನು ಡಿಕ್ಕಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತು ಕೂಸನ್ನು ಎದೆಗೆ ಒತ್ತಿಕೊಂಡೆ. ಅವಳ ಮುಖ ಹೊರಗೆ, ಬಯಲಿಗೆ. "ಎಲ್ಲಾ ಗಾಜು ಇಳಸರಿ. ಈಗ ಹೊಡಿ." ಹೀಗೆ ಹೋದೆವು. ಒಂದು ಕೈಯಲ್ಲಿ ಗಾಡಿಯ ಅಂಚು, ಒಂದು ಕೈಯಲ್ಲಿ ಕೂಸು. ಹಿಂದೆ ಬರುತ್ತಿದ್ದ ಬೈಕಿನವರು ನಮ್ಮನ್ನು ಹುಚ್ಚರನ್ನು ನೋಡುವಂತೆ ನೋಡುತ್ತಿದ್ದರು. ರಸ್ತೆಯ ಕೆಸರೆಲ್ಲ ನನ್ನ ಸೀರೆಗೆ, ಮುಖಕ್ಕೆ ಸಿಡಿಯುತ್ತಿತ್ತು. ಎಪ್ಪಾ ಮಲಕಾರಿಸಿದ್ದಾ, ಒಂದು ಉಸಿರು ಕೊಡು, ಇನ್ನೊಂದು ಕೊಡು ಎಂದು ನಾನು ಜಮಖಂಡಿಯವರೆಗೂ ಬೇಡಿದೆ. ಅವನು ಒಂದೊಂದೇ ಕೊಟ್ಟ.

ದವಾಖಾನೆಯಲ್ಲಿ ಮುಖಕ್ಕೆ ಆಕ್ಸಿಜನ್ನಿನ ಮುಖವಾಡ ಹಾಕಿದರು, ಸೂಜಿ ಚುಚ್ಚಿದರು. ಬಹಳ ಹೊತ್ತಿನ ಮೇಲೆ ತುಟಿಗೆ ಬಣ್ಣ ಬಂತು. ಉಜ್ವಲಾಬಾಯಿ ಹೊರಬಂದವರೇ ನಮ್ಮ ಮೇಲೆ ಸಿಟ್ಟಾದರು. "ಕಾರು ತಗೊಂಡೇವಿ ಅಂದಿದ್ರಿ. ಕೂಸು ಪೂರಾ ತೊಯ್ದೈತಿ! ಏನಿದು?"

ಶೇವಂತಿ ನನ್ನ ಕಡೆ ನೋಡಿದಳು. ನಾನು ಆದದ್ದೆಲ್ಲ ಹೇಳಿದೆ: ಮುಚ್ಚಿದರೆ ಉಸಿರು ಕಟ್ಟಿದ್ದು, ತೆರೆದರೆ ಬಂದದ್ದು. ಡಾಕ್ಟರ ಸಿಟ್ಟು ಇಳಿಯಿತು. ಕೊಡೆ ಹಿಡಿದು ಗೇಟಿನ ಹೊರಗೆ ಬಂದು, ಗಾಡಿಯ ಬಾಗಿಲು ತೆಗೆದು ತಲೆ ಒಳಗೆ ಹಾಕಿದರು. ತಕ್ಷಣ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

"ಈ ವಾಸನಿ ನಿಮಗ ಬರಂಗಿಲ್ಲೇನ್ರೀ?"

"ಯಾವ ವಾಸನಿರಿ?" ಅಂದಳು ಶೇವಂತಿ. ಮುಧೋಳದ ಅತ್ತರನ್ನೂ ಬೀಳಗಿಯ ಬೀಡಿಯನ್ನೂ ಹಿಡಿದವಳು ತಲೆ ಒಳಗೆ ಹಾಕಿ ಎಳೆದೆಳೆದು ಮೂಸಿದಳು. "ಏನೂ ಇಲ್ರೀ ಬಾಯೀ." ಮಲಕಾಜಪ್ಪ ಮೂಸಿದ. ನಾನೂ ಮೂಸಿದೆ.

ಡಾಕ್ಟರು ಮಗನಿಗೆ ಹೇಳಿ ಸೀಟಿನ ಹೊದಿಕೆ ಹರಿಸಿದರು. ಒಳಗಿನ ಸ್ಪಂಜು ಕರ್ರಗೆ, ಹಸಿರುಗಪ್ಪಾಗಿ ಬೂಷ್ಟು ಹಿಡಿದು ಕುಳಿತಿತ್ತು. ಒತ್ತಿದರೆ ಬೆರಳು ತೇವವಾಗುತ್ತಿತ್ತು. "ಮುಗ್ಗಿದ ವಾಸನಿ, ಮೂಗು ಬಿರೀತೈತಿ" ಎಂದರು. "ಗಾಜು ಮುಚ್ಚಿ ಫ್ಯಾನ್ ಹಚ್ಚಿದ್ರ ಇದೆಲ್ಲಾ ಸೀದಾ ಕೂಸಿನ ಎದ್ಯಾಗ ಹೊಕ್ಕೈತಿ. ಇಷ್ಟು ಜೋರ ವಾಸನಿ ಮೂರೂ ಮಂದಿಗೆ ಹೆಂಗ ಗೊತ್ತಾಗಲಿಲ್ಲ?"

ಶೇವಂತಿ ಅನಗವಾಡಿಯ ಅಂಗಳದಲ್ಲಿ ಗಾಜು ಇಳಿಸಿ ನಕ್ಕು ಹೇಳಿದ ಮಾತು ನನಗೆ ಆಗ ನೆನಪಾಯಿತು. ನಮ್ಮ ಮನ್ಯಾಗ ಕುಂತಂಗ ಅನಸತೈತಿ. ಒಳಖೋಲಿಯ ಗೋಡೆ ಕಣ್ಣ ಮುಂದೆ ನಿಂತಿತು. ಪ್ರತಿ ದೀಪಾವಳಿಗೂ ಸುಣ್ಣ ಹಚ್ಚುತ್ತೇವೆ, ಸಂಕ್ರಾಂತಿಯೊಳಗೆ ಉಬ್ಬಿ ಉದುರುತ್ತದೆ. ಹೊಳೆ ನೀರಿನ ಗೆರೆ ಎಷ್ಟು ಬಳಿದರೂ ಮೇಲೇಳುತ್ತದೆ. ಕಾವೇರಿ ಅದರ ಕೆಳಗೆ ನಿಂತು, "ಆಯೀ, ನಾ ಹೊಳಿಕಿಂತ ಯಾವಾಗ ಎತ್ತರ ಆಗತೇನಿ?" ಎಂದು ಕೇಳುತ್ತಾಳೆ. ಆ ಗೋಡೆಗೇ ಒರಗಿ ಅವಳು ಉಸಿರು ಸೇದುತ್ತಿದ್ದದ್ದು.

ಡಾಕ್ಟರು ನನ್ನ ಮುಖ ನೋಡಿದರು. ದನಿ ತಗ್ಗಿಸಿ ಕೇಳಿದರು: "ಆಯಿ, ನಿಮ್ಮ ಮನ್ಯಾಗೂ ಹೊಳಿ ನೀರು ಬಂದಿತ್ತೇನ್ರಿ?"

ನಾನು ತಲೆ ಆಡಿಸಿದೆ. ಶೇವಂತಿಗೆ ಆಗ ತಿಳಿಯಿತು. ಅವಳು ಎರಡೂ ಕೈಯಿಂದ ಮೂಗು ಮುಚ್ಚಿಕೊಂಡು ಮಳೆಯಲ್ಲೇ ಗೇಟಿಗೆ ಒರಗಿ ಕುಸಿದಳು. ಮಗ್ಗ ಕಿತ್ತು ಸಾಗಿಸಿದೆವು, ಮಗ್ಗ ಮಾರಿದೆವು, ಕಿಟಕಿ ಮುಚ್ಚಿದೆವು, ಸಂದಿಗೆ ಸೀರೆ ತುರುಕಿದೆವು. ಮುಚ್ಚಿ ಮುಚ್ಚಿ ಕೂಸನ್ನು ಆ ಬೂಷ್ಟಿನ ಬಾಯಿಯೊಳಗೇ ಇಟ್ಟಿದ್ದೆವು. ಪ್ರಭುಲಿಂಗನನ್ನು ಬೈಯೋಣವೆಂದರೆ ಆ ಪುಣ್ಯಾತ್ಮ ಎಲ್ಲವನ್ನೂ ಹೇಳಿಯೇ ಕೊಟ್ಟಿದ್ದ. ಅವನ ಮೂಗಿಗೂ ಅದು ಅವನ ಮನೆಯ ವಾಸನೆಯೇ ತಾನೇ?

ಹುಡುಗಿಯನ್ನು ದವಾಖಾನೆಯಲ್ಲೇ ಇಟ್ಟುಕೊಂಡರು. ಮರುದಿನ ಮಳೆ ಬಿಡುವು ಕೊಟ್ಟಿತ್ತು. ನವೀನ ನಟ್ಟು ಬಿಚ್ಚುವ ಪಾನಾ ತಂದು ಮಲಕಾಜಪ್ಪನೊಂದಿಗೆ ಸೇರಿ ಗಾಡಿಯ ಸೀಟುಗಳನ್ನೆಲ್ಲ ಕಿತ್ತ, ಚಾಪೆ ಕಿತ್ತ, ಬಾಗಿಲಿನ ರಟ್ಟು ಕಿತ್ತ. ಡ್ರೈವರ್ ಸೀಟಿನ ಬರೀ ಕಬ್ಬಿಣ ಉಳಿಸಿ ಅದಕ್ಕೆ ಹೊಸ ಗೋಣಿಚೀಲ ಕಟ್ಟಿದ. ಒಳಗೆಲ್ಲ ತೊಳೆದು ಬಿಸಿಲಿಗೆ ಬಾಗಿಲು ತೆರೆದು ನಿಲ್ಲಿಸಿದರು. "ನಾ ಇಂಜಿನ್ ನೋಡಿದೆ ಅಕ್ಕಾ, ಇದನ್ನ ನೋಡಲಿಲ್ಲ. ಪೆಟ್ರೋಲ್ ಬಿಟ್ರ ಬ್ಯಾರೆ ವಾಸನಿ ನನ್ನ ಮೂಗಿಗಿ ಹತ್ತಂಗಿಲ್ಲ" ಎಂದು ಅವನು ಕಣ್ಣು ತುಂಬಿಕೊಂಡ. ಶೇವಂತಿ ತಮ್ಮನ ಬೆನ್ನ ಮೇಲೆ ಕೈ ಇಟ್ಟಳು.

ಸಂಜೆಯ ಹೊತ್ತಿಗೆ ಕಾವೇರಿಯನ್ನು ಬಿಟ್ಟರು. ಬರೀ ತಗಡಿನ ಗಾಡಿಯಲ್ಲಿ ಹೊಸ ಪ್ಲಾಸ್ಟಿಕ್ ಚಾಪೆ ಹಾಸಿ ನಾವು ಮೂವರೂ ನೆಲಕ್ಕೆ ಕುಳಿತೆವು. ಗಾಜೆಲ್ಲ ಇಳಿದಿದ್ದವು. ಹುಡುಗಿ ಗೆಲುವಾಗಿದ್ದಳು. ಸೀಟಿಲ್ಲದ ಗಾಡಿ ಅವಳಿಗೆ ಆಟವಾಗಿ ಕಂಡಿತ್ತು. "ಆಯೀ, ಲಗೂನ ಮನಿಗಿ ಹೋಗೂಣು. ನನ್ನ ಖೋಲ್ಯಾಗ ಮಕ್ಕೋತೇನಿ" ಎಂದಳು.

ಶೇವಂತಿ ಸೆರಗು ಬಾಯಿಗೆ ತುಂಬಿಕೊಂಡಳು.

ಮಲಕಾಜಪ್ಪ ಗಾಡಿ ಚಾಲೂ ಮಾಡಿದ. ಚಾಲೂ ಮಾಡಿ ಹಾಗೇ ಕುಳಿತ. ಗಾಡಿಯದನ್ನು ಕಿತ್ತು ಬಿಸಾಕಬಹುದು. ಮನೆಯ ಗೋಡೆಯನ್ನು ಏನು ಮಾಡುತ್ತೀರಿ? ನನ್ನ ಗಂಡ ಕಟ್ಟಿಸಿದ ಗೋಡೆ ಅದು. ಬೀಗದ ಕೈ ನನ್ನ ಸೊಂಟದಲ್ಲಿ ಚುಚ್ಚುತ್ತಿತ್ತು. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. ಹುಟ್ಟಿದಾಗಿನಿಂದ ಅವನ ಮುಖ ಅಷ್ಟು ಸೋತದ್ದನ್ನು ನಾನು ಕಂಡಿರಲಿಲ್ಲ.

"ಎಲ್ಲಿಗವ್ವಾ?"

ಮನೆಗೆ ಎನ್ನುವ ಮಾತು ಬಾಯಿಯವರೆಗೆ ಬಂತು. ನುಂಗಿಕೊಂಡೆ.

"ನೀರ ಕಾಣದ ಊರಿಗಿ ನಡಿ" ಅಂದೆ.

ಅದು ಯಾವ ಊರು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ನನಗೂ ಗೊತ್ತಿರಲಿಲ್ಲ. ಅವನು ಗಾಡಿಯನ್ನು ರಬಕವಿಯ ರಸ್ತೆ ಬಿಟ್ಟು ಇನ್ನೊಂದು ಕಡೆಗೆ ತಿರುಗಿಸಿದ.